ಒಂದು ವಾರ ಖಾಲಿಯಾಗದ ತಾರಸಿ

ಬೀದಿಯವರೆಲ್ಲ ಅವಳನ್ನು ಶೀಟಿನಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಹಾಸಿಗೆ ಬಟ್ಟೆಯೆಲ್ಲ ಅವಳ ಮನೆಯಲ್ಲೇ ಒಗೆಯಬೇಕು, ಅವಳ ತಾರಸಿಯ ಮೇಲೇ ಒಣಗಬೇಕು. ಮಳೆಗಾಲದಲ್ಲಿ ಸೋರದಿರಲಿ ಎಂದು ಡಾಂಬರು ಹಾಳೆ ಹೊದಿಸಿದ್ದ ಆ ತಾರಸಿ ಕಾಗೆಗೆ ಪೈಪೋಟಿ ಕೊಡುವಷ್ಟು ಕಪ್ಪು. ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆಲ್ಲ ಬರಿಗಾಲಿಟ್ಟರೆ ಅಯ್ಯಪ್ಪಾ ಎನ್ನಬೇಕು. ಆದರೆ ಒದ್ದೆ ಶೀಟು ಹರವಿದ್ದೇ ತಡ, ಗರಿಗರಿ! ಊರೆಲ್ಲ ಬಿಸಿಲಿಗೆ ಹಿಡಿಶಾಪ ಹಾಕುವಾಗ ಇವಳೊಬ್ಬಳು ಮೇಲೆ ನೋಡಿ, "ಇನ್ನೊಂದು ಗಂಟೆ ಹೀಗೇ ಇರಪ್ಪ ತಂದೆ" ಎನ್ನುತ್ತಿದ್ದಳು. ಪಾಪ, ಅನ್ನ ಕೊಡುವ ಬಿಸಿಲನ್ನು ಬೈಯುವುದಾದರೂ ಹೇಗೆ.

ಅದೇ ತಾರಸಿಯ ಕೆಳಗಿನ ಕೋಣೆಯಲ್ಲಿ ಅವಳ ಗಂಡ ಮಲಗಿದ್ದ. ಬಸ್ಸು ಓಡಿಸುತ್ತಿದ್ದವನು. ಲಕ್ವ ಹೊಡೆದು ಎಡಗಡೆಯ ಕೈಕಾಲು ಸ್ವಾಧೀನ ತಪ್ಪಿದ್ದವು, ನಾಲಿಗೆಯನ್ನು ಮಾತ್ರ ಅದೂ ಮುಟ್ಟುವ ಧೈರ್ಯ ಮಾಡಿರಲಿಲ್ಲ. ಕೆಳಗಿನ ಮನೆ ತುಂಬ ಒಗೆಯುವ ತೊಟ್ಟಿ, ಸೋಪಿನ ನೀರು, ಹಂಡೆಯ ಆವಿ. ಮಂಚ ಹಾಕಲು ಜಾಗವಿದ್ದದ್ದು ಮೇಲಿನ ಕೋಣೆಯಲ್ಲೇ.

"ಇವತ್ತು ಲಾಡ್ಜು ಹೌಸ್‌ಫುಲ್ ಅಲ್ವೇನೇ?" ಎಂದು ಅವನು ಮಲಗಿದಲ್ಲಿಂದಲೇ ಕೇಳುತ್ತಿದ್ದ. ತಂತಿಗಳ ತುಂಬ ಶೀಟು ತೂಗಿದ ದಿನ ಅವುಗಳ ನೆರಳಿಗೆ ಸೂರು ಅಷ್ಟಾಗಿ ಕಾಯುತ್ತಿರಲಿಲ್ಲ. ಅವನು ಸೂರು ನೋಡಿಯೇ ವ್ಯಾಪಾರ ಹೇಳುತ್ತಿದ್ದ. ವ್ಯಾಪಾರ ಬಿದ್ದ ದಿನ ಅವನ ಮಾತೂ ಬೀಳುತ್ತಿತ್ತು.

ಬೇಸಿಗೆ ಬಾಗಿಲಲ್ಲಿ ಇರುವಾಗ ನಗರಸಭೆಯಿಂದ ಒಬ್ಬ ಹುಡುಗಿ ಬಂದಳು. "ಅಕ್ಕ, ತಾರಸಿಗೆ ಬಿಳಿ ಬಣ್ಣ ಬಳಿದು ಕೊಡ್ತೀವಿ, ಪುಕ್ಕಟೆ. ಬಿಸಿಲನ್ನ ಬಂದ ದಾರೀಲೇ ವಾಪಸ್ ಕಳಿಸುತ್ತೆ. ಅಣ್ಣ ಮಲಗಿರೋ ಕೋಣೆ ಎಷ್ಟು ತಂಪಾಗುತ್ತೆ ಅಂತ ನೀವೇ ನೋಡಿ."

"ಬಟ್ಟೆಗೆ ಬಣ್ಣ ಹತ್ತಿದ್ರೆ?"

"ಒಣಗಿದ ಮೇಲೆ ಹತ್ತಲ್ಲ. ಆದರೆ ತಂತಿ, ಕಂಬ ಎಲ್ಲ ಬಿಚ್ಚಿ ಒಂದು ವಾರ ತಾರಸಿ ಖಾಲಿ ಬಿಡಬೇಕು."

ಒಂದು ವಾರ! ಮದುವೆಗಳ ಕಾಲ, ಲಾಡ್ಜು ತುಂಬಿ ತುಳುಕುತ್ತಿತ್ತು. ಸೇತುವೆಯ ಆಚೆ ಮಿಷನ್ನಿನಲ್ಲೇ ಒಗೆದು ಮಿಷನ್ನಿನಲ್ಲೇ ಒಣಗಿಸುವ ಅಂಗಡಿ ಬೇರೆ ಬಂದಿತ್ತು. ಮ್ಯಾನೇಜರನ ಒಂದು ಕಣ್ಣು ಆ ಕಡೆಗೇ. ವಾರ ಕೈ ಬಿಟ್ಟರೆ ಬದುಕೇ ಕೈ ಬಿಟ್ಟಂತೆ.

ಹಾಗೆ ನೋಡಿದರೆ ಬೀದಿಯಲ್ಲಿ ಯಾರೂ ಸರಿಯಾಗಿ ಹೂಂ ಅಂದಿರಲಿಲ್ಲ. ಬಾಡಿಗೆಯವರು ಮಾಲೀಕರನ್ನು ಕೇಳಿ ಎಂದರು. ಮಾಲೀಕರು, ಸೆಕೆ ಆಗೋದು ಬಾಡಿಗೆಯವರಿಗೆ ತಾನೇ ಎಂದರು. ಎದುರಿನ ಮೂರಂತಸ್ತಿನವನು ಬಿಳಿ ತಾರಸಿ ತನ್ನ ಕಣ್ಣಿಗೆ ಹೊಡೆಯುತ್ತದೆಂದು ಮುಂಚೆಯೇ ಜಗಳ ತೆಗೆದ. ಪುಕ್ಕಟೆ ಅಂದ ಮೇಲೆ ಹಿಂದೆಯೇ ತೆರಿಗೆ ಬರುತ್ತದೆಂದು ಕ್ಷೌರದಂಗಡಿಯವನು ಬಂದವರಿಗೆಲ್ಲ ಕಿವಿ ಊದಿದ.

"ಅದಕ್ಕೇನು ತಲೆ ಕೆಡಿಸ್ಕೋತೀಯ?" ಎಂದ ಡ್ರೈವರ್. "ಪಕ್ಕದ ಮನೆಯಾಕೇನ ಕೇಳು. ಅವಳ ತಾರಸಿ ಖಾಲಿ ಬಿದ್ದಿದೆ. ಒಂದು ವಾರ ಅಲ್ಲಿ ಒಣಗಿಸ್ಕೋ."

"ಅವಳನ್ನಾ? ಅವಳ ಮುಂದೆ ಹೋಗಿ ನಾನು ಹಲ್ಲು ಗಿಂಜ್ಲಾ?"

ಸೋಪಿನ ನೀರು ಆಚೆ ಹನಿಯಿತೆಂದು ಶುರುವಾದ ಜಗಳ. ಪಕ್ಕದಾಕೆ ಏನೋ ಒಂದು ಅಂದಳು, ಇವಳು ಹತ್ತು ಅಂದಳು. ಆಮೇಲೆ ಮಾತಿಲ್ಲ ಕತೆಯಿಲ್ಲ, ಎದುರು ಸಿಕ್ಕರೆ ಇಬ್ಬರಿಗೂ ಆಕಾಶ ನೋಡುವ ಕೆಲಸ. ಏನು ಅಂದದ್ದು ಎಂದು ಈಗ ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ. ಆದರೂ ಬಿಗುಮಾನ!

"ನಿನ್ನಿಷ್ಟ ಕಣೇ," ಎಂದ ಡ್ರೈವರ್. "ಸ್ಟೇರಿಂಗು ಈಗ ನಿನ್ನ ಕೈಲಿ."

ಅವಳು ಹುಡುಗಿಗೆ ಆಮೇಲೆ ನೋಡೋಣ ಎಂದು ಹೇಳಿ ಕಳಿಸಿದಳು.

ಮದುವೆಗಳು ಮುಗಿದವು. ಲಾಡ್ಜು ಖಾಲಿಯಾಯಿತು, ತಂತಿ ಖಾಲಿಯಾಯಿತು, ಕಪ್ಪು ತಾರಸಿ ಬೆತ್ತಲೆ ಬಿದ್ದುಕೊಂಡಿತು. ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು. ಗೋಡೆ ಮುಟ್ಟಿದರೆ ಸಂಜೆಯಾದರೂ ಬಿಸಿ. ಅವಳು ಟವೆಲು ನೆನೆಸಿ ಅವನ ಎದೆಗೆ ಹೊದಿಸುವಳು, ಅದು ಒಣಗುವುದರೊಳಗೆ ಇನ್ನೊಂದು. "ಇಂಜಿನ್ ಮೇಲೆ ಮಲಗಿಸಿದ ಹಾಗಿದೆ," ಎಂದ ಒಂದು ಸಲ. ಪಕ್ಕದಾಕೆಯ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವಳೇ ನಗರಸಭೆಗೆ ಓಡಿದಳು. "ಈ ವರ್ಷದ್ದು ಮುಗೀತಕ್ಕ, ನಿಮ್ಮ ಬೀದಿ ಬಣ್ಣ ಎಲ್ಲ ಬೇರೆ ಬೀದಿಗೆ ಹೋಯ್ತು," ಎಂದು ಹುಡುಗಿ ಕೈಚೆಲ್ಲಿದಳು.

ಅದೇ ವಾರ ಒಂದು ಮಧ್ಯಾಹ್ನ ಲಾಡ್ಜಿಗೆ ಬಟ್ಟೆ ಕೊಡಲು ಹೋದಾಗ ಒಂದು ದಿಂಬಿನ ಚೀಲ ಕಡಿಮೆ ಬಂತೆಂದು ಮ್ಯಾನೇಜರ್ ಎಲ್ಲವನ್ನೂ ಮತ್ತೆ ಬಿಚ್ಚಿಸಿದ. ಚೀಲ ಅವನ ಕುರ್ಚಿಯ ಹಿಂದೆಯೇ ಇತ್ತು. ಅವಳು ಮನೆಗೆ ಬಂದು ಮೆಟ್ಟಿಲು ಹತ್ತಿದಳು. ಗಂಡನ ಎದೆಯ ಮೇಲಿನ ಟವೆಲು ಒಣಗಿ ಸೆಟೆದಿತ್ತು. "ರೀ," ಎಂದಳು. ಆಮೇಲೆ ಟವೆಲು ತೆಗೆದು ಮಡಿಸಿದಳು. ಒಗೆದ ಬಟ್ಟೆ ಮಡಿಸುವ ಕೈ, ಅದಕ್ಕೆ ಬೇರೇನೂ ತೋಚಲಿಲ್ಲ.

"ಮೊದಲೇ ನಿತ್ರಾಣ, ಜೊತೆಗೆ ಈ ಸೆಕೆ," ಎಂದರು ಡಾಕ್ಟರು. "ಆಯಸ್ಸು ಅಷ್ಟೇ, ಅತ್ತಿಗೆ," ಎಂದು ನಾದಿನಿ ತಬ್ಬಿಕೊಂಡು ಅತ್ತಳು. ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು ಹೆಂಗಸು ಎಂದು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಇರಬಹುದು ಅನ್ನಿಸಿತು, ಅಷ್ಟೇ.

ಪಕ್ಕದಾಕೆ ಬಂದಳು. ಜಗಳವಾದ ಮೇಲೆ ಅದೇ ಮೊದಲು ಹೊಸ್ತಿಲು ದಾಟಿದ್ದು. ಒಳಗೆ ಹೋಗಿ ನೀರು ತಂದು ಇವಳ ಬಾಯಿಗೆ ಹಿಡಿದಳು. ಪಕ್ಕದಲ್ಲಿ ಕೂತು ಮೂಗು ಒರೆಸಿಕೊಂಡು, "ಆ ಬಣ್ಣದ ಹುಡುಗಿ ನನಗೂ ಹೇಳಿದ್ಲು. ನೀನು ಕೇಳೋಕೆ ಬರ್ತೀಯ ಅಂತ ತಾರಸಿ ಗುಡಿಸಿ ಇಟ್ಟಿದ್ದೆ ಕಣೇ," ಎಂದಳು.

"ಹೂಂ," ಎಂದಳು ಶೀಟಿನಕ್ಕ. ಪಕ್ಕದಾಕೆ ತಾನಾಗೇ ಬಂದು ಹೇಳಬಹುದಿತ್ತಲ್ಲ ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಆ ಮಾತು ಇಬ್ಬರಿಗೂ ಅನ್ವಯಿಸುತ್ತಿತ್ತು.

ವರ್ಷ ಕಳೆಯಿತು. ಅವಳು ಒಗೆದಳು, ಒಣಗಿಸಿದಳು, ಉಂಡಳು, ಆ ಕೋಣೆಯಲ್ಲೇ ಮಲಗಿದಳು. ಸೆಕೆ ಸೆಕೆಯಂತೆ ಮೈಗೆ ಹತ್ತುತ್ತಲೇ ಇರಲಿಲ್ಲ. ನಗರಸಭೆಯ ಹುಡುಗಿ ಮತ್ತೆ ಬಂದಾಗ ಪಕ್ಕದ ತಾರಸಿ ಬೆಳ್ಳಗೆ ಹೊಳೆಯುತ್ತಿತ್ತು.

"ಅಕ್ಕ, ಈ ಸಲ ಏನೂ ತೊಂದರೆ ಇಲ್ಲ. ಪಕ್ಕದ ಆಂಟಿ ಅವರ ತಾರಸಿ ಬಿಟ್ಟುಕೊಡ್ತಾರಂತೆ. ಕಂಬ ಕೀಳೋದು, ನೆಡೋದು ಎಲ್ಲ ನಮ್ಮ ಹುಡುಗರೇ ಮಾಡ್ತಾರೆ. ನೀವು ಹೂಂ ಅಂದ್ರೆ ಸಾಕು."

"ಬೇಡಮ್ಮ."

"ಅಯ್ಯೋ, ಯಾಕಕ್ಕ? ನಿಮಗೇನೂ ನಷ್ಟ ಇಲ್ವಲ್ಲ. ಇಷ್ಟು ಸಲೀಸಾಗಿದೆ."

"ಅದಕ್ಕೇ," ಎಂದಳು ಶೀಟಿನಕ್ಕ. "ಇಷ್ಟು ಸಲೀಸು ಅಂತ ನಾನು ಒಪ್ಪಿಕೊಂಡು, ಆಮೇಲೆ ಆ ಕೋಣೇಲಿ ತಣ್ಣಗೆ ಹೇಗೆ ಮಲಗಲಿ?"

ಹುಡುಗಿ ಮುಂದಿನ ಮನೆಗೆ ಹೋದಳು.