ಮಂಜಣ್ಣನ ದನಿಯಲ್ಲಿ ನಾನು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ, ಡಿಗ್ರಿ ಮುಗಿದ ಹೊಸದರಲ್ಲಿ, ಬಸ್ ಡ್ರೈವರ್ ಮಂಜಣ್ಣನ ದನಿಯಲ್ಲಿ ನಾನೊಂದು ವಾಯ್ಸ್ ಮೆಸೇಜ್ ಮಾಡಿದೆ.

ನಾನು ಬೆಳೆದದ್ದು ಶಿವಮೊಗ್ಗದ ಹೊಸಮನೆಯಲ್ಲಿ ಎನ್ನುವುದಕ್ಕಿಂತ ಫೋನಿನೊಳಗೆ ಎನ್ನುವುದೇ ಸರಿ. ಎಂಟನೇ ಕ್ಲಾಸಿನಿಂದಲೇ ಮೇಷ್ಟ್ರ ಕೆಮ್ಮು, ಪಕ್ಕದ ಮನೆ ಅಜ್ಜಿಯ ಬೈಗುಳ, ನಮ್ಮಪ್ಪನ ಗೊರಕೆ ಎಲ್ಲವನ್ನೂ ಮಿಮಿಕ್ರಿ ಮಾಡಿ ಗ್ರೂಪಿಗೆ ಹಾಕುತ್ತಿದ್ದೆ. ನನ್ನ ಸ್ವಂತ ದನಿ ಒಡೆದ ಹಾಲಿನಂತಿದೆ, ಅದಕ್ಕೇ ಊರವರದ್ದೆಲ್ಲ ಎರವಲು.

ಭದ್ರಾವತಿಯ ಕಾಲೇಜಿಗೆ ನಾವು ಹೋಗುತ್ತಿದ್ದುದು ಮಂಜಣ್ಣನ ಬಸ್ಸಿನಲ್ಲಿ. ಅದು ಮುಂದೆ ಯೂನಿವರ್ಸಿಟಿ ಇರುವ ಶಂಕರಘಟ್ಟಕ್ಕೆ ಹೋಗುತ್ತದೆ. ಅವತ್ತು ಬೆಳಿಗ್ಗೆ, ನಮಗ್ಯಾರಿಗೂ ಇನ್ನು ಕಾಲೇಜಿಲ್ಲದಿದ್ದರೂ, ಸುಮ್ಮನಿರಲಾರದೆ ಕ್ಲಾಸಿನ ಹಳೇ ಗ್ರೂಪಿಗೆ ಬಿಟ್ಟೆ: "ಏಯ್ ಮಕ್ಳಾ, ಇವತ್ತು ಗಾಡಿ ಬರಲ್ಲ, ಗೇರ್ ಬಾಕ್ಸ್ ಎದ್ದೋಗಿದೆ. ಮಲ್ಕೊಳ್ಳಿ!"

ಎಲ್ಲರೂ ನಕ್ಕರು. ನಾನೂ ಬೀಗಿದೆ. ಒಂದು ಗಂಟೆ ಬಿಟ್ಟು ಭದ್ರಾವತಿಯ ಜನ್ನಾಪುರದ ಗೆಳೆಯ ನವೀನ ಫೋನ್ ಮಾಡಿದ.

"ಲೋ, ನಿನ್ನ ಮಂಜಣ್ಣ ನಮ್ಮ ಬೀದಿಗೂ ಬಂದಿದಾನೆ ಕಣೋ! ಬಿ.ಎಸ್ಸಿ. ಸವಿತಾ ಅದನ್ನ ಕೇಳಿ ಸ್ಟಾಪಿಂದ ವಾಪಸ್ ಬಂದಿದಾಳೆ. ಬಸ್ಸು ಹೋಗಾಯ್ತು. ಶಂಕರಘಟ್ಟದಲ್ಲಿ ಇವತ್ತೇ ಅವಳ ಎಂ.ಎಸ್ಸಿ. ಕೌನ್ಸೆಲಿಂಗ್!"

"ನಾನು ಆಗ್ಲೇ ಡಿಲೀಟ್ ಮಾಡಿದ್ನಲ್ಲೋ?"

"ಅದು ನಮ್ಮ ಗ್ರೂಪಿಂದ ಹೋಯ್ತು. ಅಷ್ಟ್ರಲ್ಲಿ ಫಾರ್ವರ್ಡ್ ಆಗಿದ್ದು?"

ನವೀನನೇ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ. ಅವರು ಮುಟ್ಟುವಷ್ಟರಲ್ಲಿ ಕೌನ್ಸೆಲಿಂಗಿನವರು ಅವಳ ಹೆಸರು ಕೂಗಿ ಮುಂದೆ ಹೋಗಿದ್ದರಂತೆ. ಕೈಮುಗಿದು ಕೇಳಿಕೊಂಡದ್ದಕ್ಕೆ ಸಂಜೆಯವರೆಗೆ ಕೂರಿಸಿ, ಕೊನೆಗೆ ಉಳಿದಿದ್ದ ಒಂದೇ ಒಂದು ಸೀಟು ಕೊಟ್ಟರು.

ಈಗ ನನ್ನ ಕೆಲಸ ಇಂಟರ್ನೆಟ್ ಸುರಕ್ಷತೆ. ನಕಲಿ ದನಿ, ನಕಲಿ ವಿಡಿಯೋಗಳನ್ನು ಪತ್ತೆ ಹಚ್ಚುತ್ತೇನೆ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಸಂದರ್ಶನದಲ್ಲಿ "ಅನುಭವ ಇದೆಯಾ?" ಎಂದು ಕೇಳಿದಾಗ, "ಇದೆ ಸರ್, ಕಳ್ಳನ ಕಡೆಯಿಂದ" ಎಂದಿದ್ದೆ. ಕೆಲಸ ಕೊಟ್ಟರು, ಪಾಪ. ಆದರೆ ಮಕ್ಕಳಿಗೆ ನಾನು ಹೇಳುವ ಮೊದಲ ಪಾಠ ನನ್ನದಲ್ಲ, ಸವಿತಾಳದು.

ಅವತ್ತು ಸಂಜೆ ಅವಳಿಗೆ ಫೋನ್ ಮಾಡಿ, ನನ್ನ ಒಡಕು ದನಿಯಲ್ಲೇ ಕ್ಷಮೆ ಕೇಳಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ದನಿ ಏನೋ ನಿಂದೇ ಥರ ಇದೆ ಮಾರಾಯ. ಬೆಳಿಗ್ಗೆ ಮಂಜಣ್ಣಂದೂ ಹಿಂಗೇ ಇತ್ತು. ಮನೆಗೆ ಬಂದು ನಮ್ಮಪ್ಪನ ಎದ್ರಿಗೆ ಹೇಳು, ಆಮೇಲೆ ನಂಬ್ತೀನಿ."