ಸೀರೆಯ ಮರೆ

ಕೊಳ್ಳೇಗಾಲದ ಹುಡುಗಿಯರ ಹಾಸ್ಟೆಲಿನಲ್ಲಿ ನಮ್ಮ ಕೋಣೆಗೆ ನಾಲ್ಕು ಕಬ್ಬಿಣದ ಮಂಚ, ಆರು ಜನ. ಇಬ್ಬರು ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದರು. ಬಿ.ಎ. ಎರಡನೇ ವರ್ಷಕ್ಕೆ ಬಂದಾಗ ನನಗೆ ಮೂಲೆಯ ಮಂಚ ಸಿಕ್ಕಿತು. ಸಿಕ್ಕ ವಾರದಲ್ಲೇ ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ ಹಗ್ಗ ಕಟ್ಟಿ, ಅವ್ವನ ಹಳೆಯ ಸೀರೆಯೊಂದನ್ನು ಇಳಿಬಿಟ್ಟೆ.

ಉಳಿದವರಿಗೆ ಅದು ಹಿಡಿಸಲಿಲ್ಲ.

"ಯಾನಮ್ಮಿ, ನಮ್ ಗಾಳಿ ಸೋಕ್ಬಾರ್ದಾ ನಿಂಗೆ?" ಎಂದು ಹನೂರಿನವಳೊಬ್ಬಳು ಕೇಳಿದಳು.

ಬಟ್ಟೆ ಬದಲಾಯಿಸೋಕೆ ಎಂದೆ.

"ನಾವೆಲ್ಲ ಗೋಡೆ ಕಡೆ ತಿರುಗ್ಕಂಡು ಬದ್ಲಾಯ್ಸಲ್ವಾ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಹೇಳುವಂತಿರಲಿಲ್ಲ. ಕಾಲೇಜು ಸೇರುವ ಮೊದಲೇ ನನ್ನ ಬೆನ್ನಿನ ಮೇಲೆ ಬಿಳಿ ಮಚ್ಚೆಗಳು ಎದ್ದಿದ್ದವು. ರಾಮಾಪುರದಲ್ಲಿ ಬಸ್ಸು ಹತ್ತಿಸುವಾಗ ಅವ್ವ ಕಿವಿಯ ಹತ್ತಿರ ಬಂದು, "ಯಾರ್ಗೂ ತೋರುಸ್ಬ್ಯಾಡ ಕಣವ್ವ, ನಾಳೆ ಕಷ್ಟಾಯ್ತದೆ" ಎಂದಿದ್ದಳು. ಒಂದು ವರ್ಷ ಪೂರ್ತಿ ಬಚ್ಚಲಿನ ಒದ್ದೆ ನೆಲದಲ್ಲಿ ಒಂಟಿಗಾಲಲ್ಲಿ ನಿಂತು, ಹೊರಗೆ ಬಾಗಿಲು ಬಡಿಯುವವರಿಗೆ "ಬಂದೆ, ಬಂದೆ" ಎನ್ನುತ್ತಾ ಬಟ್ಟೆ ಹಾಕಿಕೊಂಡಿದ್ದೆ. ಸಾಕಾಗಿಹೋಗಿತ್ತು.

ಪಕ್ಕದ ಮಂಚದವಳು ಯಳಂದೂರು ಕಡೆಯ ಅಗರದವಳು. ಮಾತು ಕಡಿಮೆ. ನಮ್ಮ ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಓದುವವರು ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಬಟ್ಟೆ ಒಗೆಯಲು ಹೋಗಿದ್ದಾಗ ಅವಳು ಫೋನು ಹಿಡಿದುಕೊಂಡು ಸೀರೆಯಾಚೆ ನಿಂತಳು.

"ಒಳೀಕ್ ಬಂದು ಒಸಿ ಮಾತಾಡ್ಲಾ? ಅವ್ವ ಫೋನ್ ಮಾಡವ್ಳೆ."

ನಾನು ಎದ್ದು ಬಂದು ಅವಳ ಮಂಚದ ಮೇಲೆ ಕುಳಿತೆ. ಸೀರೆ ಮುಖವನ್ನು ಮರೆಮಾಡೀತು, ಮಾತನ್ನಲ್ಲ. "ಎಂಗವ್ವ ಒಪ್ಕಳ್ಳದು? ಡಿಗ್ರಿ ಮುಗೀಲಿ ಅಂತ ಅಪ್ಪಾಜಿಗೆ ಏಳವ್ವ" ಎನ್ನುತ್ತಿದ್ದಳು. ಆಮೇಲೆ ಅಳು. ಎದ್ದು ವರಾಂಡಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಪುಸ್ತಕ ತೆರೆದು ಒಂದೇ ಸಾಲನ್ನು ನೋಡುತ್ತಾ ಕುಳಿತೆ. ಅವಳು ಊದಿದ ಕಣ್ಣಲ್ಲಿ ಹೊರಗೆ ಬಂದಾಗ ಏನೂ ಕೇಳಿಸದವಳ ಹಾಗೆ ಪುಟ ತಿರುವಿದೆ. ಅದೇ ಮರ್ಯಾದೆ ಎಂದುಕೊಂಡಿದ್ದೆ.

ಆಮೇಲೆ ಅವಳು ದಿನವೂ ಸಂಜೆ ಬರತೊಡಗಿದಳು. ಮಾವನ ಕಡೆಯ ಸಂಬಂಧ, ಗಂಡಿನ ಮನೆಯವರಿಗೆ ಅವಸರ, ಎಲ್ಲವೂ ನನಗೆ ತುಂಡುತುಂಡಾಗಿ ಗೊತ್ತಾಯಿತು. ಒಂದು ದಿನ ಫೋನಿಟ್ಟು ಹೊರಗೆ ಬಂದವಳು ನನ್ನೆದುರು ನಿಂತಳು.

"ಎಲ್ಲಾ ಕೇಳುಸ್ತದೆ ಅಲ್ವಾ ನಿಂಗೆ?"

ಸುಳ್ಳು ಹೇಳಲಾಗಲಿಲ್ಲ. ತಲೆಯಾಡಿಸಿದೆ.

"ನಂಗೂ ಗೊತ್ತು ಕಣಮ್ಮಿ, ನಿನ್ ಬೆನ್ನಿಂದು. ಮೊದಲ್ನೇ ವರ್ಸ್ದಲ್ಲೇ ನೋಡಿದ್ದೆ, ನೀನು ಜ್ವರ ಬಂದು ಮಲ್ಗಿದ್ದಾಗ. ಯಾರ್ಗೂ ಏಳ್ನಿಲ್ಲ."

ಬಚ್ಚಲಿನಲ್ಲಿ ಅಡಗಿ ನನ್ನನ್ನು ನಾನೇ ಕಾಪಾಡಿಕೊಂಡೆ ಎಂದುಕೊಂಡಿದ್ದ ಆ ವರ್ಷವೆಲ್ಲ ನನ್ನನ್ನು ಕಾಯ್ದಿದ್ದು ಇವಳ ಮುಚ್ಚಿದ ಬಾಯಿ.

"ಬುಧವಾರ ನನ್ ಕರ್ಕಂಡೋಗಕೆ ಅಪ್ಪಾಜಿ ಬತ್ತರೆ. ನೀನೊಂದ್ ಮಾತು ಏಳು, ಇವ್ಳು ಓದ್ಲಿ ಅಂತ. ನಾನೇಳುದ್ರೆ ಕೇಳಲ್ಲ. ಬ್ಯಾರೆ ಮಕ್ಳು ಏಳುದ್ರೆ ನಾಚ್ಕೆಗಾದ್ರೂ ಕೇಳ್ತರೆ."

"ಏಳ್ತೀನಿ" ಎಂದೆ. ಎರಡು ದಿನ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಹೇಳಿ ನೋಡಿದೆ.

ಬುಧವಾರ ಅವಳಪ್ಪ ಬಂದರು. ಒಗೆದ ಬಿಳಿ ಅಂಗಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಗದರುವವರ ಮುಖವೇ ಅಲ್ಲ. ಗೇಟಿನ ಹತ್ತಿರ ನಾವಿಬ್ಬರೂ ನಿಂತಿದ್ದೆವು.

"ಯಾವೂರವ್ವ ನಿಂದು?"

"ರಾಮಾಪುರ, ಅಪ್ಪಾಜಿ."

"ಮಳೆ ಆಯ್ತಾ ಆ ಕಡೆ?"

"ಒಸಿ ಆಯ್ತು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇವಳು ಓದಲಿ ಎಂದುಬಿಟ್ಟರೆ ಸಾಕಿತ್ತು. ನಮ್ಮ ಮನೆಯ ವಿಚಾರ ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರೆ? ನಿಮ್ಮಪ್ಪ ಯಾರು ಎಂದರೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹಣ್ಣಿನ ಚಿಪ್ಪಿನಿಂದ ಎರಡು ಮುರಿದು ನನ್ನ ಕೈಗಿಟ್ಟು, "ಚೆನ್ನಾಗ್ ಓದವ್ವ. ನಿಮ್ಮಪ್ಪ ನಂಬಿ ಕಳುಸವ್ರೆ, ಎಸ್ರು ಉಳುಸು" ಎಂದರು.

"ಆಯ್ತು, ಅಪ್ಪಾಜಿ" ಎಂದೆ. ನನ್ನಿಂದ ಹೊರಟದ್ದು ಅಷ್ಟೇ.

ಅವರು ವಾರ್ಡನ್ ಮೇಡಂ ಕೋಣೆಗೆ ಹೋಗಿ ರಿಜಿಸ್ಟರಿಗೆ ಸಹಿ ಹಾಕಿ ಬಂದರು. ಅವಳು ಹಾಸಿಗೆ ಸುತ್ತುತ್ತಿದ್ದಾಗ ನಾನು ಟ್ರಂಕಿನ ಮುಚ್ಚಳ ಹಿಡಿದುಕೊಂಡಿದ್ದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಹಗ್ಗ ಬಿಗಿಯುತ್ತಾ, "ಓಗ್ಲಿ ಬುಡು. ನಿಂಗೂ ಬಯ" ಎಂದಳು. ಪರೀಕ್ಷೆಗೆ ಕಳಿಸುತ್ತಾರಂತೆ ಎಂದೂ ಹೇಳಿದಳು. ಅದನ್ನು ಅವಳೇ ನಂಬಿರಲಿಲ್ಲ ಎಂದು ಈಗ ಅನಿಸುತ್ತದೆ.

ಪರೀಕ್ಷೆಯ ದಿನ ನನ್ನ ಮುಂದಿನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಅವಳ ನಂಬರು ಬರೆದಿತ್ತು. ಮೊದಲ ಗಂಟೆಯಿಡೀ ಬಾಗಿಲ ಕಡೆಗೇ ನೋಡುತ್ತಿದ್ದೆ. ಆಮೇಲೆ ಮೇಲ್ವಿಚಾರಕರು ಬಂದು ಆ ಜಾಗದಲ್ಲಿಟ್ಟಿದ್ದ ಖಾಲಿ ಉತ್ತರಪತ್ರಿಕೆಯನ್ನು ತೆಗೆದುಕೊಂಡು ಹೋದರು.

ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಅವಳ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡಸು. "ಯಾರು?" ಎಂದು ಕೇಳಿದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ನಾನು ಹೆಸರು ಹೇಳದೆ ಇಟ್ಟುಬಿಟ್ಟೆ.