ಉನಾಯ್ಸಿ ಕೇಳದ ಕ್ಷಮೆ

ಉನಾಯ್ಸಿ ಇಪ್ಪತ್ತೆರಡು ವರ್ಷ ಮೀನು ಮೂಸಿ ಬದುಕಿದವಳು. ನಮ್ಮ ದ್ವೀಪದ ಸುವಾ ಬಂದರಿನ ಹಿಂದಿದ್ದ ಡಬ್ಬಿ ಮೀನಿನ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು. ಟ್ಯೂನಾದ ಬೆನ್ನುಮೂಳೆಯ ಪಕ್ಕ ಬೈರಿಗೆಯಿಂದ ತೂತು ಕೊರೆದು, ತುದಿಗೆ ಅಂಟಿದ ಮಾಂಸ ಮೂಸಿ, ‘ಪಾಸು’ ಇಲ್ಲವೇ ‘ತಿಪ್ಪೆಗೆ’ ಎಂದು ಪುಸ್ತಕದಲ್ಲಿ ಬರೆಯಬೇಕು. ನೆಗಡಿಯಾದರೆ ರಜೆ. ಮೀನು ಹೆಚ್ಚುವ ಹೆಂಗಸರು ನಗಾಡುತ್ತಿದ್ದರು: “ಇವಳ ಗಂಡನ ಗತಿ ನೋಡ್ರೇ! ಕುಡ್ಕೊಂಡು ಬಂದ್ರೆ ಬಾಗಿಲಲ್ಲೇ ಮೂಸಿ ತಿಪ್ಪೆಗೆ ಅಂತಾಳೆ.”

ಅವಳು ನಿಜವಾಗಿ ‘ತಿಪ್ಪೆಗೆ’ ಎಂದು ಬರೆದ ದಿನ ಮಾತ್ರ ಯಾರೂ ನಗುತ್ತಿರಲಿಲ್ಲ. ಹೆಚ್ಚಲು ಮೀನಿಲ್ಲದಿದ್ದರೆ ಹೆಂಗಸರು ಕೂಲಿಯಿಲ್ಲದೆ ಮನೆಗೆ ಹೋಗಬೇಕಿತ್ತು.

ಹೋದ ವರ್ಷ ಕಾರ್ಖಾನೆ ಮುಚ್ಚಿತು. ಫೆಬ್ರವರಿಯಲ್ಲಿ ತುಂಬಿದ ಡಬ್ಬಿಗಳು ಹಾಳಾಗಿವೆ ಎಂದು ಹೊರದೇಶದವರು ವಾಪಸು ಕಳಿಸಿದ್ದರು. ಮ್ಯಾನೇಜರ್ ವಿಮಾನ ಹತ್ತಿ ಹೋದ. ಸಿಟ್ಟಿಗೆ ಹಿಡಿಯಲು ಒಂದು ಕುತ್ತಿಗೆ ಬೇಕಲ್ಲ, ಉನಾಯ್ಸಿಯ ಮನೆ ಎರಡು ಬಸ್ ಸ್ಟಾಪಿನಷ್ಟು ದೂರದಲ್ಲಿತ್ತು.

ಒಂಬತ್ತು ವರ್ಷ ಅವಳ ಪಕ್ಕದ ಮೇಜಿನಲ್ಲಿ ಮೀನು ಹೆಚ್ಚಿದ ತೋರಿಕಾ, ಹಳೇ ಕೆಲಸಗಾರರ ಫೇಸ್‌ಬುಕ್ ಗುಂಪಿನಲ್ಲಿ ಬರೆದಳು: “ಆ ಕೊಳೆತ ಮೀನು ಪಾಸು ಮಾಡಿದ್ದು ಉನಾಯ್ಸಿ. ಮ್ಯಾನೇಜರ್ ಹೇಳಿದ ಹಾಗೆ ಮೂಸ್ತಿದ್ಲು. ನಮ್ಮ ಹೊಟ್ಟೆ ಮೇಲೆ ಹೊಡೆದವಳು ಇವಳೇ.” ಕೆಳಗೆ ಹತ್ತೊಂಬತ್ತು ಹೆಂಗಸರು ಉಗಿದರು.

ಕೊಲ್ಲಿಯಾಚೆಯ ಹೊಸ ಕಾರ್ಖಾನೆಯಲ್ಲಿ ಅವಳಿಗೆ ಅದೇ ಮೂಸುವ ಕೆಲಸ ನಿಗದಿಯಾಗಿತ್ತು. ಅಲ್ಲಿನ ಮೇಲ್ವಿಚಾರಕ ಗೌಂಡರ್ ಇದನ್ನು ಓದಿ, “ಎರಡು ವಾರ ಟೈಮ್ ಕೊಡ್ತೀನಿ ತಾಯಿ, ನಿಮ್ಮ ಹೆಸರು ತೊಳ್ಕೊಂಡು ಬನ್ನಿ” ಎಂದ.

ಅವಳು ನಮ್ಮ ಕಾರ್ಮಿಕ ಸಂಘದ ಕೋಣೆಗೆ ಬಂದಳು. ಕಾರ್ಖಾನೆಯ ಕಾಗದವನ್ನು ಕಾರ್ಖಾನೆಯಲ್ಲೇ ಬಿಡಬಾರದೆಂದು ನಾವು ಹಿಂದೊಂದು ಮುಷ್ಕರದಲ್ಲಿ ಏಟು ತಿಂದು ಕಲಿತಿದ್ದೆವು. ಅವಳ ಪುಸ್ತಕದ ಕಾರ್ಬನ್ ಪ್ರತಿಗಳು ನಮ್ಮ ಬೀರುವಿನಲ್ಲಿದ್ದವು. ಫೆಬ್ರವರಿಯ ಪುಟ ಸಿಕ್ಕಿತು. ಅವಳ ಕೈಬರಹ: ‘ಎರಡು ಟನ್, ತಿಪ್ಪೆಗೆ.’ ಅದನ್ನು ಹೊಡೆದುಹಾಕಿ ಮ್ಯಾನೇಜರ್ ‘ಪಾಸು’ ಎಂದು ಬರೆದು ರುಜು ಹಾಕಿದ್ದ.

“ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?” ಎಂದೆ.

“ಬರೆದೆನಲ್ಲ.”

“ಬರೆದೆ. ಕೂಗಲಿಲ್ಲ.”

“ಕೂಗಿದ್ರೆ ಇದೇ ತೋರಿಕಾ ನನ್ನ ಜುಟ್ಟು ಹಿಡೀತಿದ್ಲು. ಆ ವಾರ ಆಗ್ಲೇ ಎರಡು ದಿನ ಎಲ್ರನ್ನೂ ಮನೆಗೆ ಕಳಿಸಿದ್ರು.”

ಅದು ನಿಜ. ಆದರೂ ಅವಳು ಸುಮ್ಮನಿದ್ದದ್ದು ತಪ್ಪೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವಳ ಮೇಲಿದ್ದ ಆರೋಪ ಅದಲ್ಲ.

ಅದೇ ಗುಂಪಿನಲ್ಲಿ ಪುಟದ ಫೋಟೋ ಹಾಕಿದೆವು. ಮೂರು ದಿನದಲ್ಲಿ ಅರ್ಧದಷ್ಟು ಹೆಂಗಸರು ತಮ್ಮ ಉಗುಳನ್ನು ತಾವೇ ಒರೆಸಿಕೊಂಡರು. ಒಬ್ಬಳು “ತಪ್ಪಾಯ್ತು ಅಕ್ಕ” ಎಂದೂ ಬರೆದಳು. ಗೌಂಡರ್ ಸೋಮವಾರ ಬರಲು ಹೇಳಿದ.

ಶನಿವಾರ ಅವಳ ಸೋದರಮಾವ ಸಾಕೆಯಾಸಿ ಎಲ್ಲವನ್ನೂ ಕೆಡಿಸಿದ. ಮುದುಕ ಹಳ್ಳಿಯವನು, ಫೋನು ಮುಟ್ಟಿದವನಲ್ಲ, ಆ ಪುಟವನ್ನು ಕಂಡವನೂ ಅಲ್ಲ. ಸುವಾದ ಹೆಂಗಸರು ಸೋದರಸೊಸೆಗೆ ಶಾಪ ಹಾಕುತ್ತಿದ್ದಾರೆಂದು ಚರ್ಚಿನಲ್ಲಿ ಯಾರೋ ಹೇಳಿದ್ದಷ್ಟೇ ಅವನಿಗೆ ಗೊತ್ತು. ಮನೆಯಲ್ಲಿದ್ದ ತಿಮಿಂಗಿಲದ ಹಲ್ಲು ತಗೊಂಡು ಬಸ್ ಹತ್ತಿದ. ನಮ್ಮಲ್ಲಿ ತಪ್ಪು ಮಾಡಿದವರ ಕಡೆಯವರು ಆ ಹಲ್ಲು ಮುಂದಿಟ್ಟು ಮಂಡಿಯೂರುತ್ತಾರೆ. ಎದುರಿನವರು ಅದನ್ನು ಕೈಗೆ ತಗೊಂಡರೆ ಜಗಳ ಮಣ್ಣಾಯಿತು. ಆಮೇಲೆ ಎರಡೂ ಕಡೆಯವರು ಆ ಮಾತೆತ್ತುವ ಹಾಗಿಲ್ಲ. ಬುಲುಬುಲು ಎನ್ನುತ್ತೇವೆ, ಹೂಳುವ ಶಾಸ್ತ್ರ.

ತೋರಿಕಾಳ ಚಾಪೆಯ ಮೇಲೆ ಮುದುಕ ತಲೆ ಬಗ್ಗಿಸಿ, “ನಮ್ಮ ಹುಡುಗಿ ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ” ಎಂದ. ತೋರಿಕಾ ಅಳುತ್ತಾ ಹಲ್ಲು ತಗೊಂಡಳು. ಅವಳ ತಂಗಿ ವಿಡಿಯೋ ಮಾಡಿ ಗುಂಪಿಗೆ ಹಾಕಿದಳು: “ಉನಾಯ್ಸಿ ಮನೆಯವರು ತಪ್ಪೊಪ್ಪಿಕೊಂಡರು.”

ಭಾನುವಾರ ಉನಾಯ್ಸಿ ತೋರಿಕಾಳ ಬಾಗಿಲಿಗೆ ಹೋದಳು. ಜೊತೆಗೆ ನಾನಿದ್ದೆ.

“ನೀನು ಬರೆದಿದ್ದನ್ನಾದ್ರೂ ಅಳಿಸೇ.”

“ಅಯ್ಯೋ, ಹೂತಿದ್ದನ್ನ ಕೆದಕ್ತಾರೇನೇ? ನಾನು ಅದನ್ನ ಮುಟ್ಟೋ ಹಾಗಿಲ್ಲ.”

“ಅಂದ್ರೆ ನನ್ನ ಹೆಸರು ಅಲ್ಲೇ ಕೊಳೀತಾ ಇರ್ಲಿ ಅಂತಲಾ?”

“ನಿಮ್ಮ ಮಾವನೇ ಬಂದು ಮುಗಿಸಿದಾರೆ. ಬಾ, ಗೆಣಸು ಬೇಯಿಸಿದೀನಿ, ತಿಂದು ಹೋಗು.”

ಕೊಂಕಿನಿಂದ ಆಡಿದ ಮಾತಲ್ಲ ಅದು. ತೋರಿಕಾ ನಿಜವಾಗಿಯೂ ಹಾಗೇ ನಂಬಿದ್ದಳು, ಅದಕ್ಕೇ ಏನೂ ಮಾಡುವ ಹಾಗಿರಲಿಲ್ಲ.

ಸೋಮವಾರ ಗೌಂಡರ್ ವಿಡಿಯೋ ತೋರಿಸಿದ. “ಪುಟ ಒಂದು ಹೇಳುತ್ತೆ, ನಿಮ್ಮ ಮಾವ ಇನ್ನೊಂದು ಹೇಳ್ತಾರೆ. ಶುಕ್ರವಾರದೊಳಗೆ ಯಾವುದು ಸುಳ್ಳು ಅಂತ ಹೇಳಿ.”

ಉನಾಯ್ಸಿ ಹಳ್ಳಿಗೆ ಹೋಗಿ ಮಾವನ ಕಾಲ ಬಳಿ ಕೂತಳು. ಗೊತ್ತಿಲ್ಲದೆ ಕ್ಷಮೆ ಕೇಳಿದೆ ಎಂದು ಒಂದು ಮಾತು ಹೇಳು ಅಂದಳು.

“ನನ್ನಪ್ಪನ ಕಾಲದ ಹಲ್ಲು ಕೊಟ್ಟಿದೀನಿ ನಿನಗೋಸ್ಕರ. ಈಗ ಅದು ಸುಳ್ಳು ಅನ್ಲಾ?”

“ನಾನು ತಪ್ಪು ಮಾಡಿಲ್ಲ ಮಾವ.”

“ಮಾಡಿದೀಯಾ ಅಂತ ಯಾರು ಕೇಳಿದ್ರು? ಜಗಳ ನಿಲ್ಲಿಸು ಅಂತ ಹಲ್ಲು ಕೊಟ್ಟೆ.”

ಗುರುವಾರ ನಮ್ಮ ಕೋಣೆಯಲ್ಲಿ ಕೂತು ಗುಂಪಿಗೆ ಹಾಕಲು ತಾನೇ ಬರೆದಳು: “ನನ್ನ ಮಾವ ವಿಷಯ ತಿಳಿಯದೆ ಕ್ಷಮೆ ಕೇಳಿದ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಆ ಮೀನನ್ನು ನಾನು ತಿಪ್ಪೆಗೆ ಹಾಕಿದ್ದೆ.” ಹಾಕು ಎಂದು ನಾನು ಒತ್ತಾಯಿಸಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳು ಒಂದು ಲೋಟ ನೀರು ಕುಡಿದು ಗುಂಡಿ ಒತ್ತಿದಳು.

ಗೌಂಡರ್ ಅವಳನ್ನು ತಗೊಂಡ, ಆದರೆ ಮೂಸುವುದಕ್ಕಲ್ಲ. “ಈ ಗಲಾಟೆ ಆರೋವರೆಗೂ ಹೆಚ್ಚೋ ಮೇಜಲ್ಲಿರಿ ತಾಯಿ” ಎಂದ. ಎಂಟು ತಿಂಗಳಾಯಿತು, ಅಲ್ಲೇ ಇದ್ದಾಳೆ. ಶಾಸ್ತ್ರ ಮುರಿದವಳೆಂದು ಅಕ್ಕಪಕ್ಕದವರು ಅವಳೊಡನೆ ಮಾತಾಡುವುದಿಲ್ಲ.

ಮಾವ ಪಕ್ಕದ ಮನೆಯವರ ಫೋನಿನಿಂದ ಒಂದೇ ಸಲ ಮಾತಾಡಿದ್ದು. “ನಿನ್ನ ಹೆಸರು ಉಳಿಸ್ಕೊಂಡೆ, ಒಳ್ಳೇದು. ಅದನ್ನ ಹೊತ್ಕೊಂಡು ಈ ಊರಿಗೆ ಬರಬೇಡ.”

ಅವಳು ಹೋಗಿಲ್ಲ.